ಅತ್ತೆಯ ಹಲ್ಲಿಗೆ ಲವಂಗದೆಣ್ಣೆ

ಶಿರಾದಿಂದ ಪಾವಗಡದವರೆಗೆ, ಬಾಟಲಿಯ ಮುಚ್ಚಳ ತೆಗೆಯದೆಯೇ ಎಣ್ಣೆಯ ಹೆಸರು ಹೇಳುವ ಮೂಗು ನನ್ನದೊಂದೇ. ಅತ್ತೆಗೆ ಹಲ್ಲುನೋವು ಬಂತು. ಉಳಿದವರು ಲವಂಗದೆಣ್ಣೆಯ ಒಂದು ತೊಟ್ಟನ್ನು ಕೊಬ್ಬರಿಎಣ್ಣೆಗೆ ಬೆರೆಸಿ ಹಚ್ಚುತ್ತಾರೆ. ನಾನು ಅರ್ಧ ಬಾಟಲಿಯನ್ನು ಹಾಗೇ ಹತ್ತಿಗೆ ಸುರಿದು ಒಸಡಿಗೆ ಒತ್ತಿದೆ. ಅವರ ಕಣ್ಣಲ್ಲಿ ಕೆರೆಯೇ ಕೋಡಿ ಹರಿಯಿತು.

“ನೋವು ಹೋಯ್ತು ಅಳಿಯಂದ್ರೇ,” ಎಂದರು.

ಮರುದಿನ ಅವರು ಮುದ್ದೆ ಮುಟ್ಟಲಿಲ್ಲ.

“ಯಾಕವ್ವಾ ಉಣ್ತಿಲ್ಲ?” ಎಂದಳು ನನ್ನ ಹೆಂಡತಿ ವನಜಾಕ್ಷಿ.

“ಉಪಾಸ ಕಣಮ್ಮ.”

ಮಾತಾಡುವಾಗ ಅವರ ಒಸಡು ಬೆಂದು ಬೆಳ್ಳಗಾಗಿದ್ದು ನನಗೆ ಕಂಡಿತು. ನನ್ನ ಮಾನ ಉಳಿಸಲು ಅವರು ಹಸಿದುಕೊಂಡಿದ್ದರು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ.

“ಉಪಾಸ ಅಲ್ಲ ಕಣೇ. ಅತ್ತೆ ಬಾಯಿ ನಾನೇ ಸುಟ್ಬುಟ್ಟೆ,” ಎಂದೆ.

ವನಜಾಕ್ಷಿ ನನ್ನನ್ನು ದುರುಗುಟ್ಟಿ ನೋಡಿದಳು. ಅತ್ತೆ ಮಾತ್ರ, ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿದರು.