ರೋಗಗಳಿಗೆ ನಂಬರು ಕೊಡುವ ಪುಸ್ತಕ

ನಾನು ಒಂದು ದಪ್ಪ ಪುಸ್ತಕ. ನನ್ನೊಳಗೆ ಕಥೆಯಿಲ್ಲ, ಹಾಡಿಲ್ಲ, ಬರೀ ರೋಗಗಳಿವೆ. ಮನುಷ್ಯನಿಗೆ ಬರಬಹುದಾದ ಪ್ರತಿ ಕಾಯಿಲೆಗೂ ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಎರಡು ಮೂರು ಅಂಕಿ. ನಾಯಿ ಕಚ್ಚಿದರೂ ನನ್ನಲ್ಲಿ ನಂಬರಿದೆ, ಮರದಿಂದ ಬಿದ್ದರೂ ಇದೆ. ದೂರದ ಮುದ್ರಣಾಲಯದಲ್ಲಿ ಹುಟ್ಟಿ, ಅಂಟಿನ ವಾಸನೆ ಆರುವ ಮೊದಲೇ ಪೆಟ್ಟಿಗೆ ಸೇರಿದೆ. ನಾವು ಮೂವರು ಅಣ್ಣತಮ್ಮಂದಿರು, ನಾನು ಹಿರಿಯ. ನಡುವಿನವನು ಬರೀ ನಿಯಮ ಹೇಳುತ್ತಾನೆ, ಹಾಗಾಗಿ ಅವನನ್ನು ಯಾರೂ ತೆರೆಯಲಿಲ್ಲ. ಕಿರಿಯವನಿಗೆ ಯಾವ ರೋಗ ನನ್ನಲ್ಲಿ ಎಲ್ಲಿದೆ ಎಂಬುದಷ್ಟೇ ಗೊತ್ತು. ಆದರೂ ಅವನ ಗತ್ತು ನೋಡಬೇಕು.

ಪೆಟ್ಟಿಗೆ ತೆರೆದದ್ದು ಉತ್ತರ ಕರ್ನಾಟಕದ ಒಂದು ದೊಡ್ಡಾಸ್ಪತ್ರೆಯಲ್ಲಿ, ದಾಖಲೆಗಳ ಕೋಣೆಯಲ್ಲಿ. ಮನೆಗೆ ಹೋದ ರೋಗಿಗಳ ಕಡತಗಳೆಲ್ಲ ಅಲ್ಲಿಗೆ ಬರುತ್ತವೆ. ಪ್ರತಿ ಕಡತದ ಮೇಲೆ ರೋಗದ ನಂಬರು ಬರೆಯುವುದು ಇಂದುಮತಿ ಹಾದಿಮನಿ ಅವರ ಕೆಲಸ. ಕೇಳಿಕೊಂಡು ಬಂದವರಿಗೆ ಇಂಥ ಕಾಯಿಲೆ ಎಂದು ಕೊಡುವ ಕಾಗದವೂ ಆ ನಂಬರಿನ ಮೇಲೇ ತಯಾರಾಗುತ್ತದೆ. ಇಂದುಮತಿಯವರು ಒಳ್ಳೆಯವರು, ಆದರೆ ಅವಸರದವರು. ಜ್ವರ, ಹೆರಿಗೆ, ಸಕ್ಕರೆ ಕಾಯಿಲೆ ಇವಕ್ಕೆಲ್ಲ ನನ್ನನ್ನು ಮುಟ್ಟದೆಯೇ ನಂಬರು ಗೀಚುತ್ತಿದ್ದರು. ರೋಗಿಯ ಮುಖ ನೋಡುವ ಪ್ರಸಂಗ ಅವರಿಗೆ ಬರುತ್ತಲೇ ಇರಲಿಲ್ಲ. ನನಗೋ ಮೊದಲಿನಿಂದಲೂ ಸುಮ್ಮನೆ ಕೂರುವ ಜಾಯಮಾನವಲ್ಲ. ತೆರೆಯಿರಿ, ನೋಡಿ, ಎಂದು ಒಳಗೊಳಗೇ ಚಡಪಡಿಸುತ್ತಿದ್ದೆ.

ಒಂದು ಮಾರ್ಚ್ ತಿಂಗಳು ಕಡತಗಳು ಕಿಟಕಿಯವರೆಗೆ ಬೆಳೆದವು. ಮೂವತ್ತೊಂದರೊಳಗೆ ವರದಿ ಹೋಗಬೇಕು. ಇಂದುಮತಿಯವರು ಮೊದಲ ಪುಟ ಮಾತ್ರ ನೋಡತೊಡಗಿದರು. ನೀಲಗಂಗವ್ವ ಎಂಬಾಕೆಯ ಕಡತ ಬಂತು. ತುರ್ತು ವಿಭಾಗದ ವೈದ್ಯರು ಮೊದಲ ಪುಟದಲ್ಲಿ ಗೀಚಿದ್ದರು: ಇದ್ದಕ್ಕಿದ್ದಂತೆ ಅಸಂಬದ್ಧ ಮಾತು, ಮಾನಸಿಕ ಕಾಯಿಲೆಯೇ? ಆ ಪ್ರಶ್ನಾರ್ಥಕ ಚಿಹ್ನೆಯನ್ನು ಇಂದುಮತಿಯವರ ಕಣ್ಣು ದಾಟಿಹೋಯಿತು. ಎಫ್ ಇಪ್ಪತ್ತೊಂಬತ್ತು ಎಂದು ಬರೆದು ಕಡತ ಮುಚ್ಚಿದರು. ನನ್ನ ಲೆಕ್ಕದಲ್ಲಿ ಅದು ಬುದ್ಧಿ ಕೆಟ್ಟವರ ನಂಬರು. ಒಳಪುಟಗಳಲ್ಲಿ ಏನಿದೆಯೋ ಎಂದು ನನಗೆ ಕಳವಳವಾಯಿತು, ಆದರೆ ಪುಸ್ತಕಕ್ಕೆ ತನ್ನ ಪುಟವನ್ನು ತಾನೇ ತಿರುಗಿಸಿಕೊಳ್ಳಲು ಬರುತ್ತದೆಯೇ?

ಜೂನ್ ತಿಂಗಳ ಒಂದು ಶನಿವಾರ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತರು. ಒಬ್ಬಾಕೆ ಶಂಕ್ರವ್ವ. ಹಿಂದೆ ನಿಂತಾಕೆ ಅವಳ ಅಕ್ಕ, ಅದೇ ನೀಲಗಂಗವ್ವ.

"ಅಕ್ಕಾರ, ನಮ್ಮಕ್ಕ ಸಾಲ್ಯಾಗ ಬಿಸಿಯೂಟದ ಅಡಗಿ ಮಾಡ್ತಾಳ್ರಿ. ನೀವು ಕೊಟ್ಟ ಕಾಗದದಾಗ ಆಕೀಗೆ ಹುಚ್ಚು ಅಂತ ಬರದೀರಿ. ಬೆಂಕಿ ಮುಂದ, ಹುಡುಗೂರ ನಡುವ ಇಂಥಾಕಿನ್ನ ಬಿಡಂಗಿಲ್ಲ ಅಂದಾರ ಹೆಡ್ ಮಾಸ್ತರು. ಸೋಮವಾರ ಬ್ಯಾರೆಯಾಕಿ ಬರ್ತಾಳಂತ."

"ಕಡತದಾಗ ಇದ್ದದ್ದನ್ನ ನಾವು ಬರೀತೀವ್ರಿ. ಡಾಕ್ಟರನ್ನ ಕೇಳ್ರಿ."

"ಡಾಕ್ಟರು ನಿಮ್ಮನ್ನ ಕೇಳು ಅಂದ್ರು."

ಇಂದುಮತಿಯವರು ನಿಟ್ಟುಸಿರು ಬಿಟ್ಟು ಕಡತ ಹುಡುಕಿ ತಂದರು. ನೀಲಗಂಗವ್ವನ ಕಡೆ ತಿರುಗಿ, "ಏನೇನ್ ಅಡಗಿ ಮಾಡ್ತೀರಿ ಯವ್ವಾ?" ಎಂದರು.

"ಹಗ್ಗ... ಹಗ್ಗ ತೊಳದು, ಕೀಲಿ ಹಾಕಿ..." ಎಂದ ನೀಲಗಂಗವ್ವ ಅಲ್ಲಿಗೇ ನಿಂತಳು. ಅಲ್ಲ ಅಲ್ಲ ಎಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು.

ಇಂದುಮತಿಯವರು ಶಂಕ್ರವ್ವನ ಮುಖವನ್ನು ಮರುಕದಿಂದ ನೋಡಿದರು. ತಾವು ಬರೆದದ್ದರಲ್ಲಿ ತಪ್ಪೇನಿದೆ ಎನ್ನುವಂತಿತ್ತು ಆ ನೋಟ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ನೀಲಗಂಗವ್ವ ಮುಂದೆ ಬಂದು ಅವರ ಕೈಯಿಂದ ಕಡತ ತೆಗೆದುಕೊಂಡಳು. ಸರಸರನೆ ಹಾಳೆ ತಿರುವಿ ಒಂದು ಗುಲಾಬಿ ಚೀಟಿಯ ಮೇಲೆ ಬೆರಳಿಟ್ಟು, ಅಲ್ಲಿಂದ ಬೆರಳು ತೆಗೆಯದೆ ನಿಂತಳು.

ಅದು ಮಾತಿನ ಚಿಕಿತ್ಸೆ ಮಾಡುವ ಹುಡುಗಿ ವಾರ್ಡಿನಲ್ಲಿ ಅವಳ ಎದುರೇ ಬರೆದು ಅಂಟಿಸಿದ ಚೀಟಿ. ಇಂದುಮತಿಯವರು ಗಟ್ಟಿಯಾಗಿ ಓದಿದರು. "ಹೇಳಿದ್ದೆಲ್ಲ ಅರ್ಥವಾಗುತ್ತದೆ. ಬೇಕಾದ ಪದದ ಬದಲು ಬೇರೆ ಪದ ಬಾಯಿಗೆ ಬರುತ್ತದೆ. ಅದು ತಪ್ಪೆಂದು ರೋಗಿಗೇ ತಿಳಿಯುತ್ತದೆ. ಅಫೇಸಿಯಾ, ಅಂದರೆ ಮಿದುಳಿಗೆ ಪೆಟ್ಟಾಗಿ ಮಾತು ತಪ್ಪುವುದು." ಅದರ ಕೆಳಗೆ ಸ್ಕ್ಯಾನ್ ವರದಿಯಿತ್ತು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

"ನನ್ನ ಕಡಿಂದ ತಪ್ಪಾಗೇತ್ರಿ ಯವ್ವಾ," ಎಂದರು ಇಂದುಮತಿಯವರು. ಅವರ ದನಿ ಸಣ್ಣದಾಗಿತ್ತು.

ನನ್ನನ್ನು ತೆರೆದರು. ಮಾತಿನ ತೊಂದರೆಗಳ ನಂಬರು ಆರ್ ನಲವತ್ತೇಳು ಇರುವ ಹಾಳೆ ಅಚ್ಚಾದ ದಿನದಿಂದಲೂ ಪಕ್ಕದ ಹಾಳೆಗೆ ಅಂಟಿಕೊಂಡೇ ಇತ್ತು. ಅಷ್ಟು ವರ್ಷ ಅದು ಯಾರಿಗೂ ಬೇಕಾಗಿರಲಿಲ್ಲ. ಅವರು ಸ್ಕೇಲು ತೂರಿಸಿ ಬಿಡಿಸಿದರು. ಮಿದುಳಿಗೆ ಹೊಡೆದ ಲಕ್ವಕ್ಕೆ ಒಂದು ನಂಬರು, ಮಾತು ತಪ್ಪಿದ್ದಕ್ಕೆ ಇನ್ನೊಂದು ನಂಬರು ಬರೆದು, ತಾವೇ ಓಡಿಹೋಗಿ ವೈದ್ಯರ ಸಹಿ ಹಾಕಿಸಿ ಹೊಸ ಕಾಗದ ಕೊಟ್ಟರು.

ಹದಿನೈದು ದಿನದ ಮೇಲೆ ಶಂಕ್ರವ್ವ ಒಬ್ಬಳೇ ಬಂದಳು. ಹೆಡ್ ಮಾಸ್ತರು ಕಾಗದವನ್ನು ಎರಡು ಸಲ ಓದಿ, ವಾರ ನೋಡೋಣ ಎಂದಿದ್ದರಂತೆ. ವಾರ ಕಳೆದ ಮೇಲೆ ಬೇರೆಯಾಕೆಯನ್ನು ಬರಬೇಡ ಎಂದರಂತೆ.

"ಉಪ್ಪಿಗೆ ಈಗೂ ಕೀಲಿ ಅಂತಾಳ್ರಿ ಅಕ್ಕಾರ. ಆದ್ರ ಹಾಕೂದು ಉಪ್ಪನ್ನ," ಎಂದು ನಕ್ಕಳು.

ಇಂದುಮತಿಯವರು ನಗಲಿಲ್ಲ. ಅಂದು ಸಂಜೆಯೇ ಏಣಿ ಹಾಕಿ ಎಫ್ ಇಪ್ಪತ್ತೊಂಬತ್ತರ ಹಳೆಯ ಕಡತಗಳನ್ನೆಲ್ಲ ಇಳಿಸಿದರು. ತಿಂಗಳಿಡೀ ಒಂದೊಂದನ್ನೂ ಕೊನೆಯ ಪುಟದವರೆಗೆ ಓದಿದರು. ಅಂಥವೇ ಇನ್ನೂ ನಾಲ್ಕು ಸಿಕ್ಕವು, ನಾಲ್ಕೂ ಅವರದೇ ಕೈಬರಹ. ದೊಡ್ಡ ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಅವರ ಸಹಿಯಲ್ಲಿ ನಾಲ್ವರಿಗೂ ಕಾಗದ ಹಾಕಿಸಿದರು. ಮೂವರು ಬಂದು ತಿದ್ದಿಸಿಕೊಂಡು ಹೋದರು. ನಾಲ್ಕನೆಯದು ಫಕ್ಕೀರಪ್ಪ ಎಂಬ ಬಡಿಗನಿಗೆ ಹೋದ ಪತ್ರ, ಅದು ವಾಪಸು ಬಂತು. ಲಕೋಟೆಯ ಮೇಲೆ ಅಂಚೆಯವನು ಬರೆದಿದ್ದ: ತಲೆ ಕೆಟ್ಟವನು, ಊರು ಬಿಟ್ಟು ಹೋಗಿದ್ದಾನೆ.

ಈಗ ಕೋಣೆಗೆ ಕಂಪ್ಯೂಟರ್ ಬಂದಿದೆ. ಇಂದುಮತಿಯವರು ನಿವೃತ್ತರಾದರು. ತಮ್ಮಂದಿರಿಬ್ಬರೂ ಆಗಲೇ ರದ್ದಿಗೆ ಹೋದರು. ನಾನು ಕೆಟ್ಟ ಫ್ಯಾನಿನ ಪಕ್ಕ ಮೂಲೆಯಲ್ಲಿ ಬೆನ್ನು ಹರಿದುಕೊಂಡು ಬಿದ್ದಿದ್ದೇನೆ. ನನ್ನ ಪಾಳಿ ಬಂದರೆ ಬರಲಿ, ಅದಕ್ಕೆ ನನಗೆ ಬೇಸರವಿಲ್ಲ.

ಆದರೂ ನೆಮ್ಮದಿಯಿಲ್ಲ. ಆ ಫಕ್ಕೀರಪ್ಪ ಎಲ್ಲೋ ಒಂದು ಬಸ್ ನಿಲ್ದಾಣದಲ್ಲಿ ಕೂತಿರಬಹುದು. ನಿಮ್ಮೂರು ಯಾವುದು ಎಂದು ಯಾರೋ ಕೇಳುತ್ತಿರಬಹುದು. ಅವನು ಬೇರೆ ಯಾವುದೋ ಪದ ಹೇಳುತ್ತಾನೆ, ಕೇಳಿದವರು ನಕ್ಕು ಬಸ್ ಹತ್ತುತ್ತಾರೆ. ಹೇಳಿದ್ದು ತಪ್ಪೆಂದು ಅವನಿಗೆ ಗೊತ್ತಿರುತ್ತದೆ.