ಗಾಲಿಗೆ ಕಲ್ಲು ಕೊಡುವವ

“ಗ್ಯಾಸಿನ ಗಾಡಿ ಅಂದ್ರ ಅಡಗಿಮನಿ ಸಿಲಿಂಡರ್ ಅಲ್ಲ ಕಾಕಾ, ಯಾಕ ಅಷ್ಟ ಅಂಜತೀರಿ?” ಎಂದು ವಿಶಾಲ ನಕ್ಕ.

ರಮಜಾನಸಾಬ ನಗಲಿಲ್ಲ. ಹುಕ್ಕೇರಿಯ ಆ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಟೋಯಿಂಗ್ ಗಾಡಿ ನಡೆಸಿದವನು ಅವನು. ಕೆಸರಿನಲ್ಲಿ ಹುಗಿದ ಟ್ರ್ಯಾಕ್ಟರು, ಹೆದ್ದಾರಿಯಲ್ಲಿ ಮಗುಚಿದ ಲಾರಿ, ಒಮ್ಮೆ ಬಾವಿಗೇ ಇಳಿದಿದ್ದ ಟೆಂಪೊ, ಎಲ್ಲವನ್ನೂ ಮೇಲೆ ಎಳೆದು ಹಾಕಿದ್ದು ಅದೇ ಕೈ, ಅದೇ ಹಳೆಯ ಡೀಸೆಲ್ ಗಾಡಿ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಸಾವಕಾರ ರಾವಸಾಹೇಬರು ತಂದು, ಹಿಂದೆ ಭಾರ ಎಳೆಯುವ ವಿಂಚ್ ಯಂತ್ರ ಕೂಡಿಸಿ, ತಂತಿ ರೋಪ್ ಸುತ್ತಿಸಿದ್ದರು. ಈಗ ಅದಕ್ಕೆ ಮುಪ್ಪು ಬಂದಿತ್ತು. ಎಲ್ಲಿ ನಿಂತರೂ ಅಡಿಯಲ್ಲಿ ಎಣ್ಣೆಯ ಕಲೆ ಬಿಡುತ್ತಿತ್ತು, ಕಾಗದಪತ್ರದ ಅವಧಿಯೂ ತೀರಲು ಬಂದಿತ್ತು. ಹೊಸ ಗಾಡಿ ಬೇಕೆನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಯಾವ ಗಾಡಿ ಎನ್ನುವಲ್ಲಿ ವಾರದಿಂದ ಬೆಂಕಿ ಹತ್ತಿತ್ತು.

ವಿಶಾಲ ರಾವಸಾಹೇಬರ ಅಣ್ಣನ ಮಗ. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿ, ಎರಡು ವರ್ಷ ಅಲ್ಲಿ ಇಲ್ಲಿ ತಿರುಗಿ, ಈಗ ಕಾಕಾನ ಧಂದೆಗೆ ಕೈ ಹಚ್ಚಿದ್ದ. ಸಿಎನ್‌ಜಿ ಗ್ಯಾಸಿನ ಇಂಜಿನ್ನಿನ, ವಿಂಚ್ ಕೂಡಿಸಿದ ಒಂದು ಗಾಡಿಯನ್ನು ಗೋಕಾಕಿನಲ್ಲಿ ಹುಡುಕಿದವನು ಅವನೇ. ಒಂದು ದಿನ ನಡೆಸಿ ನೋಡಲೆಂದು ಅದನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದ. ಒಂದು ಕಿಲೋ ಗ್ಯಾಸಿಗೆ ಎಷ್ಟು ಕಿಲೋಮೀಟರ್, ಒಂದು ಲೀಟರ್ ಡೀಸೆಲಿಗೆ ಎಷ್ಟು ಎಂದು ಮೊಬೈಲಿನಲ್ಲಿ ತೋರಿಸುತ್ತಿದ್ದ. ಹೊಗೆ ಇಲ್ಲ, ಗದ್ದಲ ಇಲ್ಲ ಎನ್ನುತ್ತಿದ್ದ. ಸುಳ್ಳೇನೂ ಹೇಳುತ್ತಿರಲಿಲ್ಲ. ಅದಕ್ಕೇ ರಮಜಾನಸಾಬನಿಗೆ ಮತ್ತಷ್ಟು ಸಿಟ್ಟು. ಸುಳ್ಳನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಇವರಿಬ್ಬರ ಮಾತು ಕೇಳುತ್ತ, ಹಳೆಯ ಟಯರಿನ ಮೇಲೆ ಸೋಮಲಿಂಗ ಕೂತಿದ್ದ. ಬೆಲ್ಲದ ಬಾಗೇವಾಡಿಯವನು, ಐವತ್ತರ ಹತ್ತಿರದವನು. ಅವನ ಕೆಲಸ ಗಾಲಿಗೆ ಕಲ್ಲು ಕೊಡುವುದು. ಸಿಕ್ಕಿಬಿದ್ದ ಗಾಡಿಯನ್ನು ವಿಂಚು ಗೇಣು ಗೇಣಾಗಿ ಮೇಲೆ ಎಳೆಯುತ್ತದೆ. ಪ್ರತಿ ಗೇಣಿಗೂ ಒಬ್ಬ ಹಿಂದಿನಿಂದ ಹೋಗಿ ಗಾಲಿಯ ಬುಡಕ್ಕೆ ಕಲ್ಲು ಇಡಬೇಕು. ಇಲ್ಲವಾದರೆ ಏರಿದ್ದೆಲ್ಲ ಇಳಿಯುತ್ತದೆ. ವಿಂಚಿನ ಹಿಡಿಕೆ ಹಿಡಿದ ರಮಜಾನಸಾಬನಿಗೆ ಹಿಂದಿನದು ಕಾಣುವುದಿಲ್ಲ. ಅದಕ್ಕೆ ಅವನು ಪ್ರತಿ ಸಲ “ಕಲ್ಲ?” ಎಂದು ಕೂಗುತ್ತಾನೆ. “ಕೊಟ್ಟೇನಿ” ಎಂದು ಸೋಮಲಿಂಗನ ದನಿ ಬಂದ ಮೇಲೆಯೇ ಮುಂದಿನ ಎಳೆತ. ಹದಿನಾರು ವರ್ಷದಲ್ಲಿ ಆ ಒಂದು ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಹೋದ ತಿಂಗಳು ರಾವಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, ಹೊಸ ಗಾಡಿ ತರುವ ಮೊದಲು ನಿನ್ನನ್ನು ಕೇಳುತ್ತೇನೆ, ಗಾಡಿಯ ಹಿಂದೆ ಹೋಗುವವ ನೀನು ಎಂದಿದ್ದರು. ಸೋಮಲಿಂಗ ಇದನ್ನು ಊರ ತುಂಬ ಹೇಳಿಕೊಂಡು ಬಂದಿದ್ದ. ಹೆಂಡತಿ ಬಾಳವ್ವ ಮಾತ್ರ, “ನನ್ನ ಲಗ್ನಕ್ಕ ನನ್ನ ಯಾರೂ ಕೇಳಲಿಲ್ಲ, ಇನ್ನ ಗಾಡಿ ತರಾಕ ನಿನ್ನ ಕೇಳತಾರ?” ಎಂದು ರೊಟ್ಟಿ ಬಡಿಯುತ್ತಲೇ ನಕ್ಕಿದ್ದಳು.

ಅವಳ ಮಾತೇ ನಿಜವಾಗುವ ಹಾಗಿತ್ತು. ಆ ಬೆಳಿಗ್ಗೆಯೂ ಯಾರೂ ಅವನನ್ನು ಏನೂ ಕೇಳಲಿಲ್ಲ.

ಹತ್ತು ಗಂಟೆಗೆ ಮೂಡಲಗಿ ಕಡೆಯಿಂದ ಫೋನು ಬಂತು. ಸತ್ತೆಪ್ಪ ಎಂಬುವನ ಟ್ರ್ಯಾಕ್ಟರು ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಕಾಲುವೆಯ ದಂಡೆಯ ಮೇಲೆ ಹೊರಟಿತ್ತು. ಹಿಂದಿನ ಟ್ರೇಲರ್ ಇಳಿಜಾರಿಗೆ ಜಾರಿ ಹೊಲದ ಕಡೆ ವಾಲಿ ನಿಂತಿದೆ, ಹಿಂದೆ ಎಂಟು ಗಾಡಿ ಸಾಲುಗಟ್ಟಿವೆ, ಬೇಗ ಬರ್ರಿ ಎಂದ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು ಎಂದು ವಿಶಾಲ ಗ್ಯಾಸಿನ ಗಾಡಿ ಹತ್ತಿದ. ರಾವಸಾಹೇಬರು ಅವನ ಬಾಜೂ ಕೂತರು. ರಮಜಾನಸಾಬ ಹಳೆಯ ಗಾಡಿಯನ್ನೂ ಹೊರಡಿಸಿದ. ಎರಡೆರಡು ಗಾಡಿ ಯಾಕೆ, ದಂಡ ಖರ್ಚು ಎಂದು ವಿಶಾಲ ಕಿಟಕಿಯಿಂದ ಕೂಗಿದ್ದಕ್ಕೆ, ಮದುವೆಗೆ ಹೋಗುವಾಗ ಅಜ್ಜನನ್ನು ಬಿಟ್ಟು ಹೋಗುತ್ತಾರೇನು ಎಂದು ಇವನು ತಿರುಗಿಸಿ ಕೊಟ್ಟ. ಸೋಮಲಿಂಗ ತನ್ನ ಕಲ್ಲನ್ನು ಎತ್ತಿಕೊಂಡು ಹಳೆಯ ಗಾಡಿಗೇ ಹತ್ತಿದ. ಗೋಕಾಕ ಫಾಲ್ಸಿನ ಕಡೆಯಿಂದ ತಂದ, ಒಂದು ಮಗ್ಗುಲು ಚಪ್ಪಟೆಯಾದ ಕಲ್ಲು ಅದು. ಅದನ್ನು ಬೇರೆಯವರು ಮುಟ್ಟಿದರೆ ಅವನಿಗೆ ಆಗುತ್ತಿರಲಿಲ್ಲ.

ಹಳೆಯ ಗಾಡಿ ಕೆಮ್ಮುತ್ತ ಉಗುಳುತ್ತ ಕಾಲುವೆ ದಂಡೆ ಮುಟ್ಟಿ ಒಂದು ತಾಸಾದರೂ ಹೊಸದರ ಪತ್ತೆಯಿಲ್ಲ. ಪರೀಕ್ಷೆ ಹೊಸದಕ್ಕೆ ಎಂದು ರಮಜಾನಸಾಬ ಕೈ ಹಚ್ಚದೆ ಕಾದ. ಅದು ಗೋಕಾಕಿನ ಗ್ಯಾಸ್ ಪಂಪಿನಲ್ಲಿ ಆಟೋಗಳ ಸಾಲು ಹಿಡಿದು ನಿಂತಿತ್ತು. ಪಂಪಿನಲ್ಲಿ ಪ್ರೆಶರ್ ಕಡಿಮೆಯಿದ್ದು ಟಾಕಿ ಅರ್ಧವೂ ತುಂಬಲಿಲ್ಲವಂತೆ. ಮೂಡಲಗಿಗೆ ಹೋಗಿ ಹುಕ್ಕೇರಿಗೆ ಬರುವ ಕಿಲೋಮೀಟರ್ ಲೆಕ್ಕ ಹಾಕಿ, ಇಷ್ಟು ಸಾಕು, ಮಿಗುತ್ತದೆ ಎಂದು ವಿಶಾಲ ಹೊರಟು ಬಂದಿದ್ದ. ಅವನು ಇಳಿಯುವಷ್ಟರಲ್ಲಿ ಹಿಂದೆ ನಿಂತ ಕಬ್ಬಿನ ಗಾಡಿಯವರು ಬೈದು ಬೈದು ಬಾಯಿ ಒಣಗಿಸಿಕೊಂಡಿದ್ದರು.

ಹೊಸ ಗಾಡಿಯ ರೋಪ್ ಟ್ರೇಲರಿಗೆ ಹಚ್ಚಿದರು. ಹಿಡಿಕೆ ರಮಜಾನಸಾಬನ ಕೈಯಲ್ಲಿ. ಮೊದಲು ವಾಲಿದ ಟ್ರೇಲರನ್ನು ನೆಟ್ಟಗೆ ಮಾಡಬೇಕಿತ್ತು, ಆಮೇಲೆ ಮಣ್ಣು ಕಡಿದು ದಾರಿ ಮಾಡಬೇಕಿತ್ತು, ಆಮೇಲೆ ಎಳೆತ. ಎಳೆತ ಅರ್ಧಕ್ಕೆ ಬರುವಷ್ಟರಲ್ಲೇ ಎರಡೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಇಂಜಿನ್ ನಿಂತಲ್ಲೇ ಓಡುತ್ತಿತ್ತು. ಜಗ್ಗುವುದರಲ್ಲಿ ಗಾಡಿ ಕಳಪೆಯಿಲ್ಲ ಎಂದು ರಮಜಾನಸಾಬ ತಾನಾಗಿಯೇ ಒಪ್ಪಿಕೊಂಡ. ರಾವಸಾಹೇಬರ ಮುಖ ಅರಳಿತು. “ಕಲ್ಲ?” “ಕೊಟ್ಟೇನಿ.” “ಕಲ್ಲ?” “ಕೊಟ್ಟೇನಿ.” ಟ್ರೇಲರ್ ಅರ್ಧ ಇಳಿಜಾರು ಏರಿತು.

ಅಲ್ಲಿ ಇಂಜಿನ್ ಒಮ್ಮೆ ಬಿಕ್ಕಿ, ಸುಮ್ಮನಾಯಿತು.

ರಮಜಾನಸಾಬ ಬ್ರೇಕ್ ಒತ್ತುವಷ್ಟರಲ್ಲಿ ರೋಪು ಸಡಿಲಾಗಿ, ಹತ್ತು ಟನ್ ಕಬ್ಬು ಒಂದು ಗೇಣು ಹಿಂದೆ ಸರಿಯಿತು. “ಕಲ್ಲ?” ಎಂದು ಅವನು ಕೂಗಿದ. ಉತ್ತರ ಬರಲಿಲ್ಲ. ಹಿಡಿಕೆ ಬಿಡುವಂತಿಲ್ಲ, ಹಿಂದೆ ನೋಡುವಂತಿಲ್ಲ. ಮತ್ತೆ ಕೂಗಿದ. ಮೂರನೆಯ ಸಲಕ್ಕೆ, “ಇಲ್ಲೇ ಅದೇನಿ,” ಎಂಬ ದನಿ ಬಂತು.

ಸೋಮಲಿಂಗ ಗಾಲಿಯಿಂದ ಎರಡು ಮಾರು ಆಚೆ ಮಣ್ಣಿನಲ್ಲಿ ಕೂತಿದ್ದ. ಕಲ್ಲು ಅರ್ಧ ನೆಲಕ್ಕೆ ಹುಗಿದು ಗಾಲಿಯನ್ನು ಹಿಡಿದಿತ್ತು. ಕಲ್ಲಿಗೂ ಗಾಲಿಗೂ ನಡುವೆ ಅವನ ಹೆಗಲ ಟವೆಲ್ಲು ಸಿಕ್ಕಿಕೊಂಡಿತ್ತು. ಟವೆಲ್ಲು ಇದ್ದಲ್ಲಿ, ಕಣ್ಣು ಪಿಳುಕಿಸುವ ಮೊದಲು, ಅವನ ಕೈ ಇತ್ತು.

ಗ್ಯಾಸು ಈಗಲೇ ತೀರಬಾರದಿತ್ತು, ಇನ್ನೂ ಬಹಳ ಕಿಲೋಮೀಟರ್ ಓಡಬೇಕಿತ್ತು, ಎಲ್ಲಿ ತಪ್ಪಿತೋ ಎಂದು ವಿಶಾಲ ಮೊಬೈಲು ಒತ್ತತೊಡಗಿದ. ಟ್ರೇಲರಿನ ಎಲ್ಲ ಗಾಲಿಗೂ ಮರದ ದಿಮ್ಮಿ ಬಡಿಸಿ ಬಂದ ರಮಜಾನಸಾಬನ ಸಿಟ್ಟು ಆಗ ಒಡೆಯಿತು.

“ಯಾವ ಕಿಲೋಮೀಟರ್? ಗಾಡಿ ಎರಡೂವರಿ ತಾಸಿಂದ ಇದ್ದಲ್ಲೇ ಐತಿ. ಇದು ನಿಂತ ದುಡಿಯೂ ಗಾಡಿ, ಓಡಿ ದುಡಿಯೂದಲ್ಲ. ನಾ ವಾರದಿಂದ ಬಡಕೊಳ್ಳಾಕತ್ತೇನಿ, ತಾಸಿನ ಲೆಕ್ಕಾ ಹಾಕು ಅಂತ. ನಿನ್ನ ಮೊಬೈಲ್‌ನ್ಯಾಗ ತಾಸು ಇಲ್ಲೇನು?”

ವಿಶಾಲನೂ ಕೆರಳಿದ. ಎಣ್ಣೆ ತೀರಿದರೆ ಡೀಸೆಲ್ ಗಾಡಿಯೂ ನಿಲ್ಲುತ್ತದೆ, ಅದಕ್ಕೆ ಇಂಜಿನ್ನನ್ನು ಯಾಕೆ ಬೈಯಬೇಕು ಎಂದ. ಮಾತು ಸರಿಯೇ. ಆದರೆ ರಮಜಾನಸಾಬ ದಂಡೆಯ ಮೇಲಿನ ಸಾಲನ್ನು ತೋರಿಸಿದ. ಎಂಟು ಟ್ರ್ಯಾಕ್ಟರು, ಎಂಟರಲ್ಲೂ ಡೀಸೆಲ್. ಎಣ್ಣೆ ತೋರಿಸುವ ಮುಳ್ಳು ಕೆಳಗಿಳಿದರೆ ಯಾರ ಕ್ಯಾನಾದರೂ ಇಸಕೊಂಡು ಸುರಿಯಬಹುದು. ಗ್ಯಾಸನ್ನು ಗೋಕಾಕಿನಿಂದ ಟವೆಲ್ಲಿನಲ್ಲಿ ಕಟ್ಟಿಕೊಂಡು ಬರುತ್ತೀಯಾ ಎಂದು ಕೇಳಿದ. ಸಾಲಿನಲ್ಲಿದ್ದವರು ಘೊಳ್ಳೆಂದು ನಕ್ಕರು. ನಗು ವಿಶಾಲನ ಕಿವಿಯನ್ನು ಕೆಂಪಗೆ ಮಾಡಿತು.

“ಆತು ಬಿಡ್ರಿ ಕಾಕಾ. ಏನೂ ಆಗಿಲ್ಲಲ್ಲ,” ಎಂದ.

ಸೋಮಲಿಂಗ ಎದ್ದು ಬಂದ. ಹದಿನಾರು ವರ್ಷದಲ್ಲಿ ಅವನು ಸಾವಕಾರರ ಮುಂದೆ ದನಿ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಆಗಲೂ ಎತ್ತಲಿಲ್ಲ. ಅಂಗೈ ಬಿಡಿಸಿ ವಿಶಾಲನ ಮುಖದ ಮುಂದೆ ಹಿಡಿದ. ಐದೂ ಬೆರಳಿಗೆ ಮಣ್ಣು ಮೆತ್ತಿತ್ತು.

“ಏನೂ ಆಗಿಲ್ಲ ತಮ್ಮಾ. ಎಣಿಸಿ ನೋಡು.”

ವಿಶಾಲ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ರಾವಸಾಹೇಬರು ನಡುವೆ ಬಂದರು. ಎಲ್ಲರೂ ಸಮಾಧಾನ ಮಾಡಿಕೊಳ್ಳಿರಿ, ಹಳೆಯ ಗಾಡಿಯಿಂದ ಈ ಕೆಲಸ ಮುಗಿಸೋಣ, ಹೊಸದರ ಲೆಕ್ಕವನ್ನು ಮುಂದೆ ತಾಸಿನ ಮೇಲೆಯೇ ಹಾಕಿದರಾಯಿತು ಎಂದರು. ಮುಂದೆ ಎನ್ನುವ ಮಾತಿಗೆ ರಮಜಾನಸಾಬ ಕತ್ತೆತ್ತಿದ. ಹಾಗಾದರೆ ಈ ಗಾಡಿ ಕೊಳ್ಳುವುದು ಗಟ್ಟಿಯೇ ಎಂದು ಕೇಳಿದ. ರಾವಸಾಹೇಬರು ಕಾಲುವೆಯ ನೀರಿನ ಕಡೆ ನೋಡಿದರು.

“ಮೊನ್ನೇನ ಮಾತ ಕೊಟ್ಟೇನಿ, ರಮಜಾನ. ಗಾಡಿ ಮಾರೂ ಗೋಕಾಕದಾವಗ.”

ಅಂದರೆ ಇವತ್ತಿನ ಪರೀಕ್ಷೆ ಬರೀ ಆಟ. ವಾರದ ವಾದವೂ ಆಟ. ರಮಜಾನಸಾಬ ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ನೆಲಕ್ಕೆ ಬಡಿದ. ಆದರೆ ಮಾತಾಡಿದವನು ಸೋಮಲಿಂಗ.

“ನನಗೂ ಕೊಟ್ಟಿದ್ರಿ ಸಾವ್ಕಾರ್ರ. ನಿನ್ನ ಕೇಳತೇನಿ ಅಂದಿದ್ರಿ. ನಾ ಅಲ್ಲೆ ಹಿಂದ ನಿಂತು ಕೊಟ್ಟೇನಿ ಅಂದ್ರ ಕಲ್ಲು ಕೊಟ್ಟಿರತೇನಿ. ನೀವು ಕೊಟ್ಟೇನಿ ಅಂದ್ರ ಏನು ಕೊಟ್ಟಿರತೀರಿ?”

ಅಷ್ಟು ಹೇಳಿ ಅವನು ದಂಡೆ ಹತ್ತಿ, ಕಬ್ಬಿನ ಗಾಡಿಯವರ ಪಕ್ಕದಲ್ಲಿ ಬೆನ್ನು ಮಾಡಿ ಕೂತುಬಿಟ್ಟ. ಸತ್ತೆಪ್ಪ ತಂಬಾಕು ಚಾಚಿದ. ಅದನ್ನೂ ಮುಟ್ಟಲಿಲ್ಲ.

ರಮಜಾನಸಾಬ ಗ್ಯಾಸಿನ ಗಾಡಿಯನ್ನು ಟ್ರ್ಯಾಕ್ಟರಿನಿಂದ ಪಕ್ಕಕ್ಕೆ ಎಳೆಸಿ, ಹಳೆಯದನ್ನು ಅಲ್ಲಿ ತಂದು ನಿಲ್ಲಿಸಿದ. ಅದು ಕರಿಹೊಗೆ ಕಾರುತ್ತ ಗುಡುಗಿತು. ನಾಲ್ಕು ಹೊಲದಾಚೆಗೂ ಕೇಳುವ ಸದ್ದು. ಕಲ್ಲು ಯಾರು ಕೊಡುವವರು ಎಂದು ಯಾರನ್ನೂ ನೋಡದೆ ಕೇಳಿದ. ರಾವಸಾಹೇಬರು ವಿಶಾಲನಿಗೆ ಸನ್ನೆ ಮಾಡಿದರು. ವಿಶಾಲ ಟ್ರೇಲರಿನ ಹಿಂದಕ್ಕೆ ಹೋಗಿ, ಆಳೆತ್ತರಕ್ಕೆ ಹೇರಿದ ಕಬ್ಬನ್ನು ನೋಡಿದ, ಗಾಲಿಯ ಕೆಳಗಿನ ಟವೆಲ್ಲನ್ನು ನೋಡಿದ. ಅಲ್ಲೇ ನಿಂತ.

“ನನ್ನ ಕಡೆ ಆಗೂದಿಲ್ಲ ಕಾಕಾ,” ಎಂದ.

ರಾವಸಾಹೇಬರು ದಂಡೆಯ ಮೇಲೆ ಬೆನ್ನು ಮಾಡಿ ಕೂತ ಸೋಮಲಿಂಗನನ್ನು ನೋಡಿದರು. ಆಮೇಲೆ ಕಿಸೆಯಿಂದ ಫೋನು ತೆಗೆದು ವಿಶಾಲನ ಕೈಗಿಟ್ಟರು.

“ಗೋಕಾಕದಾವಗ ಹೇಳು, ಗಾಡಿ ಹೊಳ್ಳಿ ಬರತೈತಿ ಅಂತ. ಬೈದ್ರ ಬೈಸ್ಕೋ. ನಂದ ತಪ್ಪಂತ ಹೇಳು.”

ಧೋತರವನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಇಳಿಜಾರಿಗೆ ಇಳಿದರು. ಹೊಲದ ಅಂಚಿನಿಂದ ಒಂದು ಗುಂಡುಕಲ್ಲು ಆರಿಸಿ, ಎರಡೂ ಕೈಯಿಂದ ಎತ್ತಿ, ಗಾಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತರು. ದಂಡೆಯ ಮೇಲಿದ್ದವರು ಬಗ್ಗಿ ನೋಡಿದರು. ಸೋಮಲಿಂಗ ತಿರುಗಿ ನೋಡಲಿಲ್ಲ. ಇಂಜಿನ್ ಸದ್ದು ಏರಿತು, ರೋಪು ಬಿಗಿಯಿತು.

“ಕಲ್ಲ?” ಎಂದು ರಮಜಾನಸಾಬ ಕೂಗಿದ. ಸಿಟ್ಟು ಇನ್ನೂ ದನಿಯಲ್ಲಿತ್ತು.

ಹಿಂದಿನಿಂದ ಬಂದ ಉತ್ತರ ಇಂಜಿನ್ನಿನ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಅವನು ಹಿಡಿಕೆ ಒತ್ತಲಿಲ್ಲ. ಮತ್ತೆ ಕೂಗಿದ.

“ಕೊಟ್ಟೇನಿ,” ಎಂದರು ರಾವಸಾಹೇಬರು, ಈ ಸಲ ಗಟ್ಟಿಯಾಗಿ.

ಗಾಲಿ ಒಂದು ಗೇಣು ಮೇಲೆ ಏರಿತು. ಸೋಮಲಿಂಗನ ಕಲ್ಲಿನ ಮೇಲಿಂದ ಟವೆಲ್ಲು ಬಿಡಿಸಿಕೊಂಡು ಕೆಳಗೆ ಜಾರಿತು.