ನೆಟ್ಟಗೆ ನಿಲ್ಲುವ ಅಕ್ಷರ

“ಇದರಲ್ಲೂ ಇಲ್ಲ,” ಎಂದು ಮಗಳು ಫೋನನ್ನು ಹಮಾಲಿಯ ಕೈಗೆ ವಾಪಸು ಕೊಟ್ಟಳು.

“ಇನ್ನೊಂದು ವಿಡಿಯೋ ಇದೆ ನೋಡಕ್ಕ. ಕೋಸಿನ ಲಾರಿ ಪಲ್ಟಿ ಹೊಡೆದಾಗ ತೆಗೆದಿದ್ದು. ಅದರಲ್ಲಿ ಅಣ್ಣ ಡ್ರೈವರಿಗೆ ಬೈತಾ ಇದಾರೆ.”

ಮಗಳು ನೋಡಿದಳು. ಉರುಳಿ ಬಿದ್ದ ಕೋಸುಗಳ ನಡುವೆ ಅಪ್ಪ ನಿಂತು ಕೈ ಬೀಸುತ್ತಿದ್ದ. ಬಾಯಿ ಅಗಲವಾಗಿ ತೆರೆದಿತ್ತು. ಆದರೆ ಅದರ ಮೇಲೆ ಯಾವುದೋ ಕುಣಿತದ ಹಾಡು ಅಂಟಿಸಿದ್ದರು. ಹಾಡಿನ ಕೆಳಗೆ ಏನೂ ಉಳಿದಿರಲಿಲ್ಲ.

“ಹಾಡು ಯಾಕೆ ಹಾಕಿದೆಯಪ್ಪ?”

“ಅಣ್ಣ ಬೈದಿದ್ದು ಹೆಂಗಸರು ಮಕ್ಕಳು ಕೇಳೋ ಹಾಗಿರಲಿಲ್ಲ ಅಕ್ಕ,” ಎಂದು ಹಮಾಲಿ ತಲೆ ತಗ್ಗಿಸಿದ.

ಮುಂದಿನ ಕೋಣೆಯ ಬೆಂಚಿನ ಮೇಲೆ ಅಪ್ಪನನ್ನು ಮಲಗಿಸಿದ್ದರು. ಕೊರಳಿನ ರಂಧ್ರ ಕಾಣದಂತೆ ಬಿಳಿ ಬಟ್ಟೆ ಸುತ್ತಿದ್ದರು. ತಲೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅಮ್ಮ ಕೂತಿದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಕೇಳಿದ್ದು ಒಂದೇ: “ಯಾರ ಹತ್ರಾನಾದ್ರೂ ಅವರ ದನಿ ಇದ್ದರೆ ಒಂದ್ಸಲ ಕೇಳಿಸಿ. ಆಮೇಲೆ ಒಯ್ಯಿರಿ.”

ಬಂದವರೆಲ್ಲ ಫೋನು ತೆಗೆದಿದ್ದರು. ಫೋಟೋಗಳಿಗೆ ಬರವಿರಲಿಲ್ಲ. ತರಕಾರಿ ಮಂಡಿಯಲ್ಲಿ ಅಪ್ಪ, ಕುಂಬಳದ ರಾಶಿಯ ಮೇಲೆ ಅಪ್ಪ, ಯಾರದೋ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ ನಗುವ ಅಪ್ಪ. ಮಂಡಿಯಲ್ಲಿ ಅವನನ್ನು ಕರೆಯುತ್ತಿದ್ದುದೇ ಕಹಳೆಯಣ್ಣ ಎಂದು. ಮೂವತ್ತು ವರ್ಷ ಹರಾಜು ಕೂಗಿದ ಆ ಕಹಳೆಯ ಒಂದು ಚೂರು ಕೂಡ ಯಾರ ಬಳಿಯೂ ಇರಲಿಲ್ಲ.

“ಹೊಳೆ ದಂಡೇಲಿ ಇರೋರು ನೀರನ್ನ ಚೊಂಬಲ್ಲಿ ತುಂಬಿಡ್ತಾರಾ?” ಎಂದಳು ಗೋಡೆಯಾಚೆಯ ಮನೆಯ ಅತ್ತೆ. “ಇಲ್ಲಿ ಕೆಮ್ಮಿದ್ರೆ ನಮ್ಮನೆ ಪಾತ್ರೆ ಅಲ್ಲಾಡ್ತಿತ್ತು. ಅದು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

ಅಪ್ಪನ ಜಾಗದಲ್ಲಿ ಈಗ ಹರಾಜು ಕೂಗುವವನು ಮುಂದೆ ಬಂದ. “ಅಮ್ಮ, ಅಣ್ಣನ ಹಾಗೆ ಕೂಗೋಕೆ ನಮಗೆಲ್ಲ ಬರುತ್ತೆ. ಬೇಕಾದ್ರೆ ಒಂದ್ಸಲ…”

ಅಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. “ಬೇಡಪ್ಪ. ನೀನು ನಿನ್ನ ಹಾಗೇ ಕೂಗು.”

ಹೊರಗೆ ಗಾಡಿ ಬಂದು ನಿಂತಿತು. ಮಂಡಿಯವರು ಬೆಂಚಿನ ಎರಡೂ ಬದಿಗೆ ಬಾಗಿದರು. ಮೂಟೆ ಎತ್ತುವಾಗ ಹಾಕುವ ಕೂಗು ಯಾರದೋ ಬಾಯಿಗೆ ಬಂದು ಅರ್ಧದಲ್ಲೇ ನಿಂತಿತು. ಸದ್ದಿಲ್ಲದೆ ಎತ್ತಿದರು.

*

ಒಂದೂರಿನಲ್ಲಿ ಒಬ್ಬನಿದ್ದ, ಅವನು ಪಿಸುಗುಟ್ಟಿದರೆ ಮರದ ಕಾಗೆಗಳು ಹಾರುತ್ತಿದ್ದವು. ಅಪ್ಪನ ಕತೆ ಕಟ್ಟುವುದಾದರೆ ಹೀಗೆಯೇ ಶುರು ಮಾಡಬೇಕು.

ಅಮ್ಮ ಮನೆಯಲ್ಲೇ ಕೂತು ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಚ್ಚುತ್ತಿದ್ದಳು. ಕಣ್ಣು ಬಟ್ಟೆಯ ಮೇಲೆ, ಕಿವಿ ಖಾಲಿ. ಆ ಖಾಲಿ ಕಿವಿಗೆ ಅಪ್ಪ ಸಂಜೆ ಹೊತ್ತು ಕಾದಂಬರಿ ಓದುತ್ತಿದ್ದ. ಓದು ಬೇರೆ, ಹರಾಜು ಬೇರೆ ಎಂಬುದು ಅವನ ಗಂಟಲಿಗೆ ಗೊತ್ತಿರಲಿಲ್ಲ. ನಾಯಕಿ ಕಣ್ಣೀರು ತುಂಬಿ “ನಿಮ್ಮನ್ನು ಬಿಟ್ಟು ನಾನಿರಲಾರೆ” ಎಂದರೆ, ಬದನೆಕಾಯಿಯ ಕಡೆಯ ರೇಟು ಕೂಗಿದಂತೆ ಬೀದಿಯ ತುದಿಗೆ ಕೇಳುತ್ತಿತ್ತು.

“ಒಂದು ಸಲ, ಎರಡು ಸಲ ಅಂತ ಸೇರಿಸಿಬಿಡಿ. ಯಾರಾದ್ರೂ ಕೊಂಡು ಹೋಗಲಿ ಅವಳನ್ನ,” ಎಂದು ಅಮ್ಮ ದಾರ ಕಚ್ಚಿ ಕಡಿಯುತ್ತ ಅನ್ನುತ್ತಿದ್ದಳು.

“ನೀನು ಹೂಂ ಅನ್ನು, ಸಾಕು. ವ್ಯಾಪಾರ ನನಗೆ ಬಿಡು.”

ಅವಳು ಹೂಂಗುಟ್ಟಬೇಕು, ಆಗಲೇ ಪುಟ ತಿರುಗುವುದು. ಮಾರನೆಯ ಬೆಳಿಗ್ಗೆ ಗೋಡೆಯಾಚೆಯ ಅತ್ತೆ ಕಾಲ್ಬೆರಳ ಮೇಲೆ ನಿಂತು ತಕರಾರು ತೆಗೆಯುತ್ತಿದ್ದಳು. “ನಿನ್ನೆ ಕಿಟಕಿ ಯಾಕೆ ಹಾಕಿದ್ರಿ? ಆ ಹುಡುಗಿ ಬದುಕಿದಳೋ ಸತ್ತಳೋ ಗೊತ್ತಾಗದೆ ನನಗೆ ಅನ್ನ ಸೇರ್ತಿಲ್ಲ.”

ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿಕೊಂಡ ವರ್ಷವೇ ಅಮ್ಮನ ಕಣ್ಣಿಗೂ ಮಂಜು ಬರತೊಡಗಿತ್ತು. ಅಚ್ಚಿನ ಪುಸ್ತಕ ಅವಳಿಗೆ ಆಗಲೇ ದೂರವಾಗಿತ್ತು. ಗಂಟಲು ಕೊಯ್ದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಪ್ಪ ಮಗಳನ್ನು ಕರೆದುಕೊಂಡು ಸೀದಾ ಮೊಬೈಲ್ ಅಂಗಡಿಗೆ ಹೋದ.

ಅಂಗಡಿಯವನು ಗಾಜಿನ ಮೇಲೆ ಎರಡನ್ನು ಇಟ್ಟ. “ಇದು ಇ-ರೀಡರ್. ಕಮ್ಮಿ ರೇಟಿಂದು. ಓದೋಕೆ ಬಿಟ್ಟು ಬೇರೇನೂ ಬರಲ್ಲ ಇದಕ್ಕೆ. ಆದರೆ ಕಣ್ಣಿಗೆ ತಂಪು, ಥೇಟ್ ಕಾಗದ. ಇದು ಟ್ಯಾಬು. ಇದೂ ಅಗ್ಗದ್ದೇ, ಸ್ವಲ್ಪ ಮೇಲೆ ಬೀಳುತ್ತೆ. ಹಾಡುತ್ತೆ, ಕುಣಿಯುತ್ತೆ, ಪುಸ್ತಕಾನ ತಾನೇ ಓದಿ ಹೇಳುತ್ತೆ. ನೋಡಿ, ಹೇಗೆ ತಿರುಗಿಸಿ ಹಿಡಿದ್ರೂ ಅಕ್ಷರ ನೆಟ್ಟಗೇ ನಿಲ್ಲುತ್ತೆ.”

“ಬೆಕ್ಕು ಅನ್ನು,” ಎಂದ ಅಪ್ಪ. ಹರಿದ ದನಿಯಾದರೂ ಅಂಗಡಿಯ ಗಾಜು ಗುಂಯ್‌ಗುಟ್ಟಿತು. “ಹೇಗೆ ಎಸೆದ್ರೂ ಕಾಲ ಮೇಲೇ ನಿಲ್ಲೋದು.”

“ಬೇಕಾದ್ರೆ ನೀವೇ ಓದಿ ಇದರೊಳಗೆ ತುಂಬಿಡಬಹುದು ಯಜಮಾನ್ರೇ. ಹತ್ತು ವರ್ಷ ಆದ್ರೂ ನಿಮ್ಮ ದನೀಲೇ ಕೇಳುತ್ತೆ.”

ಅಪ್ಪ ಮಗಳ ಮುಖ ನೋಡಿದ. ಅವಳ ತಲೆಯಲ್ಲಿದ್ದದ್ದು ಅಮ್ಮನ ಕಣ್ಣು.

“ಟ್ಯಾಬಿನ ಬೆಳಕು ಅಮ್ಮನಿಗೆ ಚುಚ್ಚುತ್ತೆ ಅಪ್ಪ. ಜೊತೆಗೆ ಅಗ್ಗದ ಟ್ಯಾಬು ನಾಕು ದಿನ ಓಡಿ ಆಮೇಲೆ ತೂಕಡಿಸುತ್ತೆ. ಇದೇ ಒಳ್ಳೇದು.”

“ಇದರಲ್ಲಿ ಅಕ್ಷರ ಎಷ್ಟು ದಪ್ಪ ಆಗುತ್ತೆ?”

ಅಂಗಡಿಯವನು ದಪ್ಪ ಮಾಡುತ್ತ ಹೋದ. ಕೊನೆಗೆ ಇಡೀ ಪುಟದಲ್ಲಿ ನಾಲ್ಕೇ ಪದ ನಿಂತವು.

“ಇದನ್ನೇ ಕಟ್ಟು. ಅವಳೇ ಓದ್ಕೋತಾಳೆ. ನನ್ನ ದನೀನ ಡಬ್ಬಿಗೆ ಹಾಕೋಕೆ ನಾನೇನು ಸತ್ತಿದೀನಾ?”

ಮೂವರೂ ನಕ್ಕರು. ಆ ವಾರವೇ ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು.

*

ಅಪ್ಪನನ್ನು ಸ್ಮಶಾನಕ್ಕೆ ಮುಟ್ಟಿಸಿ ಬಂದಾಗ ಮಧ್ಯಾಹ್ನವಾಗಿತ್ತು. ಅತ್ತೆ ಅಡುಗೆಮನೆಯಲ್ಲಿ ಲೋಟ ಜೋಡಿಸುತ್ತಿದ್ದಳು. ಮಗಳು ಒಳಕೋಣೆಗೆ ಬಂದರೆ ಅಮ್ಮ ತನ್ನ ಎಂದಿನ ಕುರ್ಚಿಯಲ್ಲಿದ್ದಳು. ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಅಪ್ಪನ ಮಂಚ. ಹಾಸಿಗೆ ಸುತ್ತಿ ಇಟ್ಟಿದ್ದರು. ಅಮ್ಮನ ಮಡಿಲಲ್ಲಿ ಆ ರೀಡರ್ ಇತ್ತು.

“ಬಾಗಿಲು ಮುಂದೆ ಮಾಡು. ಒಂದು ಮಾತು ಹೇಳ್ತೀನಿ. ಯಾರ ಹತ್ರಾನೂ ಅನ್ನಬೇಡ.”

ಮಗಳು ಬಾಗಿಲು ಮುಚ್ಚಿದಳು.

“ನನಗೆ ಇದರಲ್ಲಿ ಏನೂ ಕಾಣ್ತಿರಲಿಲ್ಲ ಕಣೇ.”

“ಯಾವಾಗಿಂದ?”

“ಹೊಸದರಲ್ಲಿ ಒಂದಿಷ್ಟು ದಿನ ಕಾಣ್ತು. ಆಮೇಲೆ ಹಾಲಲ್ಲಿ ಇರುವೆ ಬಿದ್ದ ಹಾಗೆ. ಆಮೇಲೆ ಬರೀ ಹಾಲು.”

“ಹೇಳೋದಲ್ವಾ ಅಮ್ಮ? ನನಗಾದರೂ?”

“ಏನು ಹೇಳಲಿ? ಅವರು ಗಂಟಲು ಕೊಯ್ಸಿಕೊಂಡು ಬಂದು ಕೂತಿದ್ರು. ನೀವು ಓದೋ ಹಾಗಿಲ್ಲ, ನನಗೆ ಕಾಣೋ ಹಾಗಿಲ್ಲ ಅಂತ ಬಾಯಿಬಿಟ್ಟು ಅನ್ನಲಾ? ಅವರಿಗಿದ್ದದ್ದು ಅದೊಂದೇ ಸಮಾಧಾನ, ಇವಳಿಗೆ ಕತೆಯಾದ್ರೂ ಉಂಟು ಅಂತ.” ಅಮ್ಮನ ಬೆರಳು ಅದರ ಅಂಚನ್ನು ಸವರಿತು. “ಸಂಜೆ ಆಯ್ತು ಅಂದ್ರೆ ಇದನ್ನ ಹಿಡ್ಕೊಂಡು ಎದುರಿಗೆ ಕೂತ್ಕೋತಿದ್ದೆ. ಅವರು ತೋರಿಸಿಕೊಟ್ಟ ಹಾಗೆ ಬಲಗಡೆ ಅಂಚು ಒತ್ತೋದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತೋದು. ನಡುನಡುವೆ ನಗೋದು. ಒಂದೊಂದ್ಸಲ ಅಯ್ಯೋ ಪಾಪ ಅನ್ನೋದು.”

ಅವಳ ಮುಖ ಆ ದಿನ ಮೊದಲ ಸಲ ಸಡಿಲವಾಯಿತು.

“ಒಂದ್ಸಲಾನೂ ಸಿಕ್ಕಿಬೀಳಲಿಲ್ಲ ಗೊತ್ತಾ? ಆ ಘಾಟಿ ಮನುಷ್ಯನ್ನ ನಾನು ಗೆದ್ದೆ. ಬೇರೆ ಏನೂ ಮಾಡೋಕಾಗಲಿಲ್ಲ, ಇದೊಂದನ್ನ ಕೊಟ್ಟು ಕಳಿಸಿದೆ. ನೋಡು, ಹೀಗೆ.”

ಅಮ್ಮ ರೀಡರನ್ನು ಎದೆಯ ಮಟ್ಟಕ್ಕೆ ಹಿಡಿದು ಬಲಗಡೆಯ ಅಂಚನ್ನು ಒತ್ತಿದಳು. ಮಗಳು ಅವಳ ಭುಜದ ಮೇಲಿಂದ ಬಾಗಿ ನೋಡಿದಳು.

ಅಕ್ಷರಗಳು ತಲೆಕೆಳಗಾಗಿ ನಿಂತಿದ್ದವು. ಚಾರ್ಜರು ಸಿಕ್ಕಿಸುವ ರಂಧ್ರ ಸೂರಿನ ಕಡೆಗಿತ್ತು. ಇದು ಟ್ಯಾಬಲ್ಲ, ಹಿಡಿದವರು ಹೇಗೆ ಹಿಡಿದರೂ ಅಕ್ಷರ ತಾನಾಗಿ ತಿರುಗಿಕೊಳ್ಳುವುದಿಲ್ಲ. ತಲೆಕೆಳಗಾದರೆ ಮುಂದಿನ ಪುಟದ ಅಂಚು ಎಡಕ್ಕೆ ಹೋಗುತ್ತದೆ, ಹಿಂದಿನ ಪುಟದ್ದು ಬಲಕ್ಕೆ ಬರುತ್ತದೆ. ಅಮ್ಮ ಮತ್ತೆ ಒತ್ತಿದಳು. ಪುಟ ಕದಲಲಿಲ್ಲ. ಅದು ಪುಸ್ತಕದ ಮೊದಲ ಪುಟ. ಅದರ ಹಿಂದೆ ಹೋಗಲು ಏನೂ ಇರಲಿಲ್ಲ.

ವಾರಕ್ಕೊಮ್ಮೆ ಇದಕ್ಕೆ ಚಾರ್ಜರು ಸಿಕ್ಕಿಸುತ್ತಿದ್ದವನು ಅಪ್ಪ. ದಿನಾ ಸಂಜೆ ಈ ಮಂಚದ ಮೇಲೆ, ಇಷ್ಟು ಹತ್ತಿರದಲ್ಲಿ, ಆ ರಂಧ್ರವನ್ನು ನೋಡುತ್ತ ಕೂತಿದ್ದವನೂ ಅಪ್ಪನೇ.

“ಯಾಕೆ ಸುಮ್ಮನಾದೆ?”

“ಏನಿಲ್ಲಮ್ಮ,” ಎಂದಳು ಮಗಳು. “ಅಪ್ಪ ಸಮಾಧಾನದಲ್ಲೇ ಹೋದ್ರು.”

“ಹೂಂ. ಅಷ್ಟು ಸಾಕು ನನಗೆ.”

*

ಅಪ್ಪ ಇದ್ದಾಗ ಒಂದು ಸಂಜೆ ಮಗಳು ಬಂದಿದ್ದಳು. ಬಾಗಿಲು ತೆರೆದೇ ಇತ್ತು. ಅಮ್ಮ ಕುರ್ಚಿಯಲ್ಲಿ ರೀಡರ್ ಹಿಡಿದು ಕೂತಿದ್ದಳು, ಅಪ್ಪ ಮಂಚದ ಅಂಚಿನಲ್ಲಿ. ಅಮ್ಮ ಇದ್ದಕ್ಕಿದ್ದಂತೆ ನಕ್ಕಳು. ಆ ನಗುವಿಗೆ ಅಪ್ಪನ ಭುಜಗಳು ಕುಲುಕಿದವು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಕೊರಳ ರಂಧ್ರದಿಂದ ಬರೀ ಗಾಳಿ ಬರುತ್ತಿತ್ತು. ನಗುತ್ತ ನಗುತ್ತ ಅವನು ಅಂಗೈಯಿಂದ ಕಣ್ಣೊರೆಸಿಕೊಂಡ.

ಎಷ್ಟು ಚಂದ ಇದ್ದಾರೆ ಇಬ್ಬರೂ ಎಂದುಕೊಂಡು, ತಂದ ಹಣ್ಣಿನ ಚೀಲವನ್ನು ಹೊಸ್ತಿಲಲ್ಲಿಟ್ಟು, ಅವಳು ಮಾತಾಡಿಸದೆ ಹಿಂದಿರುಗಿದ್ದಳು.

*

ಮೊಬೈಲ್ ಅಂಗಡಿಯವನು ಅಂಗಡಿ ಮುಚ್ಚಿಕೊಂಡು ಬಂದಾಗ ಬಿಸಿಲು ಇಳಿದಿತ್ತು. ಚಪ್ಪಲಿ ಬಿಟ್ಟು ಒಳಕೋಣೆಗೆ ಬಂದು, ಎಲ್ಲಿ ಕೂರುವುದೆಂದು ತಿಳಿಯದೆ ಗೋಡೆಗೆ ಒರಗಿ ನಿಂತ. ಅತ್ತೆ ಅವನಿಗೆ ಟೀ ತಂದುಕೊಟ್ಟಳು.

“ಅಮ್ಮ, ನಾನು ಅಂಗಡಿಯವನು. ಆ ಮಶೀನ್ ಕೊಟ್ಟವನು.”

“ಬಾರಪ್ಪ. ದನಿ ಗುರುತು ಸಿಗ್ತು.”

“ಹೋದ ತಿಂಗಳು ಕೂಡ ಬಂದಿದ್ರಲ್ಲಮ್ಮ ಯಜಮಾನ್ರು. ಅಷ್ಟರಲ್ಲಿ ಹೀಗಾಗುತ್ತೆ ಅಂತ…”

ಮಗಳು ಎದ್ದಳು. “ಹೊರಗೆ ಕೂತ್ಕೊಳ್ಳೋಣ ಬನ್ನಿ. ಇಲ್ಲಿ ಸೆಖೆ.”

“ಇರಲಿ ಬಿಡೆ, ಮಾತಾಡಲಿ,” ಎಂದಳು ಅಮ್ಮ. “ಯಾಕೆ ಬಂದಿದ್ರಪ್ಪ?”

“ಏನೋ ಚಾರ್ಜರ್ ಕೆಟ್ಟಿರಬೇಕು ಅಮ್ಮ,” ಎಂದಳು ಮಗಳು. ಅಂಗಡಿಯವನ ಕಣ್ಣನ್ನೇ ನೋಡಿದಳು. ಅವನು ಒಳ್ಳೆಯವನು, ಒಳ್ಳೆಯವರಿಗೆ ಇಂಥ ನೋಟ ಅರ್ಥವಾಗುವುದಿಲ್ಲ.

“ಚಾರ್ಜರ್ ಅಲ್ಲ ಮೇಡಂ, ಟ್ಯಾಬು ಕೇಳ್ಕೊಂಡು. ಮಾತು ಬರಲ್ವಲ್ಲ, ಗಾಜಿನ ಮೇಲೆ ಬೆರಳಲ್ಲಿ ಬರೀರಿ ಅಂತ ಟ್ಯಾಬನ್ನೇ ಮುಂದಿಟ್ಟೆ. ‘ಅವಳಿಗೆ ಕಾಣಿಸುತ್ತಿಲ್ಲ, ಓದಿ ಹೇಳುವುದು ಕೊಡು’ ಅಂತ ಬರೆದ್ರು.”

ಅಮ್ಮ ಅಲುಗಾಡಲಿಲ್ಲ.

“ಅದು ಓದೋದನ್ನ ಕೇಳಿಸಿದೆ. ಹುಡುಗಿ ದನಿ. ಅರ್ಧ ಪುಟ ಕಣ್ಣು ಮುಚ್ಚಿ ಕೇಳಿದ್ರು. ಹೂಂ ಅನ್ನೋ ಹಾಗೆ ತಲೆ ಆಡಿಸ್ತಿದ್ರು. ನಾನು ಡಬ್ಬಿಗೆ ಹಾಕಿ ಕಟ್ಟಬೇಕು, ಅಷ್ಟರಲ್ಲಿ ತಡೆದು ಇನ್ನೊಂದ್ಸಲ ಬರೆದ್ರಮ್ಮ. ‘ಇದನ್ನು ಒಯ್ದರೆ, ನನಗೆ ಗೊತ್ತಿದೆ ಅಂತ ಅವಳಿಗೆ ಗೊತ್ತಾಗುತ್ತೆ.’ ಏನು ಗೊತ್ತು, ಯಾರಿಗೆ ಗೊತ್ತಾಗುತ್ತೆ, ನನಗೊಂದೂ ತಲೆಗೆ ಹೋಗಲಿಲ್ಲ. ಅಂಗಿ ತೋಳಿಂದ ಗಾಜು ಒರೆಸಿ ಹೊರಟೇಬಿಟ್ರು.”

ಅತ್ತೆ ಅಂಗಡಿಯವನ ಮುಂಗೈ ಹಿಡಿದು, ಟೀ ಲೋಟದ ಸಮೇತ ಅವನನ್ನು ಹೊರಗೆ ಕರೆದುಕೊಂಡು ಹೋದಳು.

ಅಮ್ಮ ಮಗಳ ಕಡೆ ತಿರುಗಿ ಕೇಳಿದಳು, “ಹೇಗೆ ಗೊತ್ತಾಯ್ತು ಅವರಿಗೆ?”

“ನೀನು ಇದನ್ನ ತಲೆಕೆಳಗೆ ಹಿಡ್ಕೊಂಡಿದ್ದೆ ಅಮ್ಮ.”

“ನಿನಗೂ ಗೊತ್ತಿತ್ತು?”

“ಮಧ್ಯಾಹ್ನ ನೀನು ತೋರಿಸಿದಾಗ.”

“ದಿನಾಲೂ ಹಾಗೇ ಹಿಡೀತಿದ್ದೆನಾ ನಾನು?”

“ಅನ್ಸುತ್ತೆ. ಪುಟ ಮೊದಲನೇದೇ ಇದೆ.”

ಅಮ್ಮ ಕಾಜ ಹೊಲಿಯುವ ಬಟ್ಟೆಯೊಂದನ್ನು ನೀವುವಂತೆ ಸೀರೆಯ ಮಡಿಕೆಯನ್ನು ನೀವಿದಳು. “ನಾನು ನಗುವಾಗ ಏನು ಮಾಡ್ತಿದ್ರು?”

“ನಗ್ತಿದ್ರು.”

“ನನಗೆ ಕೇಳಿಸಲೇ ಇಲ್ಲವಲ್ಲೇ.” ದನಿ ಅಲ್ಲಿ ಮುರಿಯಿತು, ಮತ್ತೆ ಕೂಡಿಕೊಂಡಿತು. “ಬಾಯಿ ಹೋಗಿತ್ತು ಸರಿ. ಕೈ ಇತ್ತಲ್ಲ. ಒಂದ್ಸಲ ಬಂದು ತಿರುಗಿಸಿ ಇಟ್ಟಿದ್ರೆ ನಾನೇನು… ಇಬ್ಬರೂ ಕೂತು ಅಳಬಹುದಿತ್ತು. ಅಷ್ಟಾದ್ರೂ ಆಗ್ತಿತ್ತು.”

ಮಗಳು ಅವಳ ಕೈ ಹಿಡಿಯಲು ಹೋದಳು. ಅಮ್ಮ ಆ ಕೈಗೆ ರೀಡರನ್ನು ಕೊಟ್ಟಳು.

“ನೆಟ್ಟಗೆ ಮಾಡಿ ಕೊಡು.”

“ಈಗ ಯಾಕಮ್ಮ?”

“ಮಾಡಿ ಕೊಡೇ.”

ಮಗಳು ತಿರುಗಿಸಿ ಅವಳ ಕೈಯಲ್ಲಿಟ್ಟಳು. ಅಮ್ಮನ ಹೆಬ್ಬೆರಳು ಬಲಗಡೆಯ ಅಂಚನ್ನು ತಡಕಿ ಒತ್ತಿತು. ಪರದೆ ಒಂದು ಕ್ಷಣ ಕಪ್ಪಾಗಿ ಬೆಳ್ಳಗಾಯಿತು. ಎರಡನೆಯ ಪುಟ ಬಂತು. ಮತ್ತೆ ಒತ್ತಿದಳು. ಅವಳ ಮುಖ ಮಂಚದ ಕಡೆಗಿತ್ತು. ನಗಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಒಂದೊಂದು ಪುಟಕ್ಕೆ ನಾಲ್ಕು ನಾಲ್ಕು ಪದ, ಬೆರಳುದ್ದದ ಅಕ್ಷರ. ಕೋಣೆಯಲ್ಲಿ ಬೆಳಕು ಕಡಿಮೆಯಾಗುತ್ತ ಬಂದರೂ ಹೆಬ್ಬೆರಳು ನಿಲ್ಲಲಿಲ್ಲ, ಕತೆ ಮುಂದಕ್ಕೆ ಮುಂದಕ್ಕೆ ಹೋಗುತ್ತಲೇ ಇತ್ತು.